ಎಚ್‌ಎಂಟಿ ವಾಚಿನ ಒಡಲಿಗೆ ಮ್ಯಾಕ್ರೋ ಕಣ್ಣು

1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದೊಂದಿಗೆ ಬೆಂಗಳೂರಿನಲ್ಲಿ ತಯಾರಿ ಶುರುವಾದ ಎಚ್‌ಎಂಟಿ ವಾಚುಗಳು ಇಂದಿಗೂ ಎಷ್ಟೋ ಮನೆಗಳ ಕಪಾಟಿನಲ್ಲಿವೆ. ಕೀಲಿ ಕೊಡುವ ‘ಜನತಾ’ದ ಹಿಂಬದಿ ಮುಚ್ಚಳ ತೆಗೆದರೆ ಮ್ಯಾಕ್ರೋ, ಅಂದರೆ ಅತಿ ಹತ್ತಿರದ ಛಾಯಾಗ್ರಹಣ ಕಲಿಯಲು ಇದಕ್ಕಿಂತ ಒಳ್ಳೆಯ ವಸ್ತು ಸಿಗದು. ಕೆಂಪು ಕಲ್ಲು, ಕನ್ನಡಿಯಂಥ ಸ್ಕ್ರೂ, ಕೂದಲೆಳೆಯಂಥ ಸ್ಪ್ರಿಂಗು (ಹೇರ್‌ಸ್ಪ್ರಿಂಗ್), ಎಲ್ಲವೂ ಕೆಲವೇ ಮಿಲಿಮೀಟರ್ ಆಳದಲ್ಲಿ ಅಡಗಿವೆ.

ಮುಚ್ಚಳ ತೆಗೆಯುವ ಅಭ್ಯಾಸವಿಲ್ಲದಿದ್ದರೆ ವಾಚ್ ರಿಪೇರಿಯವರಿಂದಲೇ ತೆಗೆಸಿ. ತೆಗೆದ ಮೇಲೆ ಬರಿಗೈ ತಾಗಿಸಬೇಡಿ. ಬೆವರಿನ ಗುರುತು ಲೋಹದ ಮೇಲೆ ಕಲೆಯಾಗಿ ಉಳಿಯುತ್ತದೆ. ದೂಳಿಗೆ ಕೈಯಲ್ಲಿ ಒತ್ತುವ ರಬ್ಬರ್ ಬ್ಲೋವರ್ ಸಾಕು. ಬಾಯಿಂದ ಊದಿದರೆ ತೇವ ಸೇರುತ್ತದೆ, ಡಬ್ಬಿ ಗಾಳಿಯ ರಭಸಕ್ಕೆ ಹೇರ್‌ಸ್ಪ್ರಿಂಗ್ ಸೊಟ್ಟಗಾಗಬಹುದು. ಅಂಟಿದ ನೂಲೆಳೆಗಳನ್ನು ವಾಚ್‌ ರಿಪೇರಿಯವರು ಬಳಸುವ ರೋಡಿಕೊ ಅಂಟಿನ ತುದಿಯಿಂದ ಎತ್ತಿ. ಇಲ್ಲಿ ಅರ್ಧ ಗಂಟೆ ಕಳೆದರೂ ನಷ್ಟವಿಲ್ಲ. ಬರಿಗಣ್ಣಿಗೆ ಕಾಣದ ಒಂದು ಕಣ ಚಿತ್ರದಲ್ಲಿ ಕಲ್ಲಿನಷ್ಟು ದೊಡ್ಡದಾಗಿ ಕಾಣುತ್ತದೆ. ಆಯಸ್ಕಾಂತವಿರುವ ಸ್ಟ್ಯಾಂಡು, ಸ್ಪೀಕರುಗಳನ್ನು ದೂರವಿಡಿ. ಹೇರ್‌ಸ್ಪ್ರಿಂಗ್ ಕಾಂತೀಯಗೊಂಡರೆ ವಾಚು ಮುಂದೆ ಓಡತೊಡಗುತ್ತದೆ.

ಮ್ಯಾಕ್ರೋ ಲೆನ್ಸ್ ಇಲ್ಲವೇ? 50 ಮಿ.ಮೀ. ಲೆನ್ಸಿನ ಹಿಂದೆ 12, 20, 36 ಮಿ.ಮೀ. ಎಕ್ಸ್‌ಟೆನ್ಷನ್ ಟ್ಯೂಬ್ (ಲೆನ್ಸನ್ನು ಕ್ಯಾಮೆರಾದಿಂದ ದೂರವಿಡುವ ಖಾಲಿ ಕೊಳವೆ) ಮೂರನ್ನೂ ಜೋಡಿಸಿ. ಒಟ್ಟು 68 ಮಿ.ಮೀ., ಅಂದರೆ ಸುಮಾರು 1.36 ಪಟ್ಟು ಹಿಗ್ಗುವಿಕೆ. ಚಿಕ್ಕ ಸೆನ್ಸರಿನ ಎಪಿಎಸ್-ಸಿ ಕ್ಯಾಮೆರಾದಲ್ಲಿ ಬ್ಯಾಲೆನ್ಸ್ ಚಕ್ರ (ಅತ್ತಿತ್ತ ತೂಗುತ್ತಾ ವಾಚಿನ ವೇಗ ನಿಯಂತ್ರಿಸುವ ಚಕ್ರ) ಮತ್ತು ಅದರ ನೆರೆಹೊರೆ ಚೌಕಟ್ಟು ತುಂಬುತ್ತವೆ.

ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ವಿಷಯದಲ್ಲೇ ಹೆಚ್ಚಿನವರು ಎಡವುವುದು. ಎಲ್ಲವೂ ಫೋಕಸ್‌ಗೆ ಬರಲೆಂದು ಎಫ್/16ಕ್ಕೆ ಇಳಿಸುತ್ತಾರೆ. ಆದರೆ 1:1 ಅಳತೆಯಲ್ಲಿ (ವಸ್ತು ಸೆನ್ಸರ್ ಮೇಲೆ ತನ್ನ ನಿಜ ಗಾತ್ರದಲ್ಲೇ ಮೂಡಿದಾಗ) ಎಫ್/16 ನಿಜದಲ್ಲಿ ಎಫ್/32ರಂತೆ ವರ್ತಿಸಿ, ಬೆಳಕಿನ ವಿವರ್ತನೆಯಿಂದ ಇಡೀ ಚಿತ್ರ ಮಸುಕಾಗುತ್ತದೆ. ಎಫ್/5.6 ಇಡಿ. ಆಗ ಫೋಕಸ್ ಆಗುವ ಆಳ ಅರ್ಧ ಮಿ.ಮೀ. ಆಸುಪಾಸು ಮಾತ್ರ. ಆದ್ದರಿಂದ ಕ್ಯಾಮೆರಾವನ್ನು ಫೋಕಸಿಂಗ್ ರೈಲಿನ (ತಿರುಪು ತಿರುಗಿಸಿ ಸರಿಸುವ ಜಾರುಪಟ್ಟಿ) ಮೇಲೆ ಸರಿಸುತ್ತಾ ಹಲವು ಚಿತ್ರ ತೆಗೆದು ಒಂದಾಗಿ ಬೆಸೆಯಬೇಕು.

ರೈಲಿನ ತಿರುಪು 10 ಸುತ್ತಿಗೆ ಎಷ್ಟು ಸರಿಯುತ್ತದೆಂದು ಮೊದಲೇ ಸ್ಕೇಲಿನಲ್ಲಿ ಅಳೆದು 10ರಿಂದ ಭಾಗಿಸಿ. ಪ್ರತಿ ಹೆಜ್ಜೆ 0.25 ಮಿ.ಮೀ. ಇರಲಿ. ಹಿಗ್ಗುವಿಕೆ 1:1 ಮೀರಿದರೆ 0.15ಕ್ಕೆ ಇಳಿಸಿ. ಮೂರು ಮಿ.ಮೀ. ಆಳಕ್ಕೆ 0.25ರಂತೆ 13 ಚಿತ್ರ, ಜತೆಗೆ ಮುಂದೆರಡು, ಹಿಂದೆರಡು. ತಿರುಪನ್ನು ಒಂದೇ ದಿಕ್ಕಿಗೆ ತಿರುಗಿಸಿ. ಹಿಂದೆ ಮುಂದೆ ಆಡಿಸಿದರೆ ಹಲ್ಲುಗಳ ಸಡಿಲದಿಂದ ಹೆಜ್ಜೆ ತಪ್ಪುತ್ತದೆ.

ಇದಕ್ಕೂ ಮೊದಲು ವಾಚು ತಾನಾಗಿ ನಿಲ್ಲುವವರೆಗೆ ಕಾಯಿರಿ, ಕೀಲಿ ಕೊಡಬೇಡಿ. ಓಡುವ ವಾಚಿನಲ್ಲಿ ಬ್ಯಾಲೆನ್ಸ್ ಪ್ರತಿ ಚಿತ್ರದಲ್ಲೂ ಬೇರೆ ಜಾಗದಲ್ಲಿದ್ದು, ಬೆಸೆದಾಗ ದೆವ್ವದಂತೆ ಮೂರ್ನಾಲ್ಕು ಕಡ್ಡಿ ಕಾಣುತ್ತವೆ.

ಬೆಳಕಿಗೆ ರಿಂಗ್ ಫ್ಲ್ಯಾಶ್ ಬೇಡ, ಪ್ರತಿ ಸ್ಕ್ರೂ ತಲೆಯಲ್ಲೂ ಬಿಳಿ ಬಳೆ ಮೂಡುತ್ತದೆ. ಬಟರ್ ಪೇಪರನ್ನು ಕೊಳವೆಯಾಗಿ ಸುತ್ತಿ ವಾಚಿನ ಸುತ್ತ ನಿಲ್ಲಿಸಿ, ಹೊರಗಿನಿಂದ ಎರಡು ಎಲ್‌ಇಡಿ ದೀಪ ಹಾಯಿಸಿ. ಒಳಗೆ ಒಂದು ಕಡೆ ಬೆರಳಗಲದ ಕಪ್ಪು ಕಾಗದ ನಿಲ್ಲಿಸಿದರೆ ಲೋಹದ ಅಂಚಿಗೆ ಗಾಢ ಗೆರೆ ಬಂದು ಆಕಾರ ಎದ್ದು ನಿಲ್ಲುತ್ತದೆ. ಚಿತ್ರಕ್ಕೆ ಜೀವ ಬರುವುದೇ ಈ ಕಾಗದದಿಂದ. ಅದನ್ನು ಆಚೀಚೆ ಸರಿಸಿ ನೋಡುವಷ್ಟು ತಾಳ್ಮೆ ಬೇಕು. ನಮ್ಮ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ಷಟರ್ 1/100, 1/50 ಅಥವಾ 1/25ರಲ್ಲಿಟ್ಟರೆ ಪಟ್ಟೆಗಳು ಬಾರವು.

ಐಎಸ್‌ಒ 100, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್, ಫೋಕಸ್ ಎಲ್ಲವೂ ಮ್ಯಾನ್ಯುಯಲ್. ಫ್ಯಾನ್ ಆರಿಸಿ, ಎರಡು ಸೆಕೆಂಡ್ ಟೈಮರ್ ಹಾಕಿ.

ಬೆಸೆಯಲು ಹೆಲಿಕಾನ್ ಫೋಕಸ್, ಜೆರೀನ್ ಸ್ಟ್ಯಾಕರ್ ಎಂಬ ತಂತ್ರಾಂಶಗಳಿವೆ. ಉಚಿತವಾಗಿ ಬೇಕಿದ್ದರೆ ಹ್ಯೂಗಿನ್ ಜತೆ ಬರುವ ಎನ್‌ಫ್ಯೂಸ್. ಜೆರೀನ್‌ನಲ್ಲಿ ಪಿಮ್ಯಾಕ್ಸ್ ವಿಧಾನ ಒಂದರ ಮೇಲೊಂದು ಹಾದ ಭಾಗಗಳನ್ನು ಚೆನ್ನಾಗಿ ಬಿಡಿಸುತ್ತದೆ, ಆದರೆ ನಾಯ್ಸ್ (ಚಿತ್ರದ ಕಾಳುಕಾಳು) ಹೆಚ್ಚಿಸುತ್ತದೆ. ಅದರದೇ ಇನ್ನೊಂದು ವಿಧಾನ ಡಿಮ್ಯಾಪ್ ಲೋಹದ ಬಣ್ಣ, ನುಣುಪನ್ನು ಉಳಿಸುತ್ತದೆ. ಎರಡನ್ನೂ ಮಾಡಿ, ಡಿಮ್ಯಾಪ್ ಮೇಲೆ ಹೇರ್‌ಸ್ಪ್ರಿಂಗ್ ಭಾಗವನ್ನಷ್ಟೇ ಪಿಮ್ಯಾಕ್ಸ್‌ನಿಂದ ತುಂಬಿ. ನಡುನಡುವೆ ಮಸುಕು ಪಟ್ಟಿ ಕಂಡರೆ ಹೆಜ್ಜೆ ದೊಡ್ಡದಾಗಿತ್ತು ಎಂದರ್ಥ, 0.15ಕ್ಕೆ ಇಳಿಸಿ ಮತ್ತೆ ತೆಗೆಯಿರಿ.