ಜೋಳ, ತೊಗರಿ, ಕಂಬಳಿ: ನುಸಿಯಿಂದ ಕಾಪಾಡುವ ಬಗೆ

ರಾಯಚೂರು, ಕೊಪ್ಪಳದ ಕಡೆ ವರ್ಷದ ಜೋಳವನ್ನೂ ತೊಗರಿಯನ್ನೂ ಒಮ್ಮೆಲೇ ತುಂಬಿಡುವ ಮನೆಗಳಲ್ಲಿ, ಮಳೆಗಾಲದ ತೇವ ಹತ್ತುವ ಮೊದಲೇ ನುಸಿಗೆ ತಡೆ ಹಾಕಬೇಕು. ಏಪ್ರಿಲ್, ಮೇ ತಿಂಗಳ ಬಿಸಿಲೇ ಇದಕ್ಕೆ ಸಾಧನ. ಕಾಳನ್ನು ತಾಡಪತ್ರಿಯ ಮೇಲೆ ತೆಳುವಾಗಿ ಹರವಿ, ಆಗಾಗ ಕೈಯಾಡಿಸಿ, ಹಲ್ಲಿಗೆ ಕಟ್ಟೆಂದು ಮುರಿಯುವಷ್ಟು ಒಣಗಿಸಿ, ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ತುಂಬಬೇಕು. ಬಿಸಿ ಕಾಳನ್ನು ತುಂಬಿದರೆ ಒಳಗೆ ಬೆವರುತ್ತದೆ.

ತೊಗರಿ, ಹೆಸರು, ಅಲಸಂದಿಯನ್ನು ಬೆಳಕಿಗೆ ಹಿಡಿದು ನೋಡಬೇಕು. ಸಿಪ್ಪೆಗೆ ಅಂಟಿದ ಬಿಳಿ ಚುಕ್ಕೆಗಳು ನುಸಿಯ ಮೊಟ್ಟೆಗಳು. ಮರಿ ಅಲ್ಲಿಂದಲೇ ಕಾಳಿನೊಳಗೆ ಕೊರೆದು ಹೋಗಿ, ಬೆಳೆದ ಮೇಲೆ ದುಂಡನೆಯ ತೂತು ಮಾಡಿಕೊಂಡು ಹೊರಬರುತ್ತದೆ. ತೂತು ಕಂಡಾಗ ಕೇರುವುದರಿಂದ ಹೆಚ್ಚು ಪ್ರಯೋಜನವಿಲ್ಲ, ಒಳಗೆ ಇನ್ನೂ ಮರಿಗಳಿರುತ್ತವೆ. ಇಡೀ ಕಾಳಿಗೆ ಕಿಲೋಗೆ ಸುಮಾರು 5 ಮಿಲಿ ಅಡುಗೆ ಎಣ್ಣೆ ಸವರಿದರೆ ಮೊಟ್ಟೆಗಳು ಬಹುಮಟ್ಟಿಗೆ ಸಾಯುತ್ತವೆ. ಬೇವಿನೆಲೆಯೊಂದನ್ನೇ ನಂಬಿ ಕೂರುವುದು ಮಾತ್ರ ಸಲ್ಲದು. ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನಂತೂ ವಾಸದ ಮನೆಯಲ್ಲಿ ಇಡಲೇಕೂಡದು. ಅದು ಬಿಡುವ ಫಾಸ್ಫೀನ್ ಅನಿಲ ಮನುಷ್ಯರನ್ನೂ ಕೊಲ್ಲುತ್ತದೆ.

ಬಟ್ಟೆ ತಿನ್ನುವ ಪತಂಗದ ಮರಿಗೆ ಬೇಕಾದದ್ದು ಉಣ್ಣೆ ಮತ್ತು ರೇಷ್ಮೆ. ಆದ್ದರಿಂದ ಕುರಿ ಉಣ್ಣೆಯ ಕಂಬಳಿಗೂ ರೇಷ್ಮೆ ಸೆರಗಿನ ಇಳಕಲ್ ಸೀರೆಗೂ ಅಪಾಯ ಹೆಚ್ಚು, ಶುಭ್ರವಾದ ಹತ್ತಿಯ ಕೌದಿಗೆ ಕಡಿಮೆ. ಬೆವರು, ಎಣ್ಣೆ ಕಲೆಗಳು ಹುಳುವನ್ನು ಸೆಳೆಯುವುದರಿಂದ ತೊಳೆದೊಣಗಿಸಿಯೇ ಟ್ರಂಕಿಗೆ ಇಡಬೇಕು. ಕಂಬಳಿಯನ್ನು ಬಿಸಿಲಿಗೆ ಹಾಕಿ ಮಡಿಕೆಗಳನ್ನು ಬಿಡಿಸಿ ಬ್ರಷ್‌ನಿಂದ ಉಜ್ಜಬೇಕು. ರೇಷ್ಮೆಯನ್ನು ನೆರಳಿನಲ್ಲಿಯೇ ಗಾಳಿಗೆ ಹರಡಬೇಕು.