ದೋಣಿ ಇಳಿಸುವ ಜಾಗದಲ್ಲಿ: ಸಾಲಿನಲ್ಲಿ ನಿಂತವರಿಗೆ ತೊಂದರೆಯಾಗದಂತೆ

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಮೇ ತಿಂಗಳ ಒಂದು ಶನಿವಾರ ವಾಲೈ ಮೀನು ಹಿಡಿಯುವ ಋತು ಆರಂಭವಾಗುತ್ತದೆ. ಅಂದು ಬೆಳಕು ಹರಿಯುವ ಮೊದಲೇ ಸರೋವರಗಳ ದಡದಲ್ಲಿ ಟ್ರೇಲರ್‌ಗಳ ಸಾಲು ಬೆಳೆದಿರುತ್ತದೆ. ಅಂಥದೊಂದು ಬೆಳಿಗ್ಗೆ, ಕಾಂಕ್ರೀಟ್ ಇಳಿಜಾರಿನ ನಟ್ಟನಡುವೆ ಕಾರು ನಿಲ್ಲಿಸಿಕೊಂಡು ನಮ್ಮವರದೇ ಒಂದು ಕುಟುಂಬ ಸಾಮಾನು ತುಂಬುತ್ತಿತ್ತು. ಮೊದಲು ಐಸ್ ಪೆಟ್ಟಿಗೆ, ಆಮೇಲೆ ಚಿತ್ರಾನ್ನದ ಡಬ್ಬಿ, ಆಮೇಲೆ ಮಕ್ಕಳ ಟವೆಲ್ಲು. ಹಿಂದೆ ಹನ್ನೊಂದು ವಾಹನಗಳು ಕಾಯುತ್ತಿದ್ದವು. ಯಾರೂ ಹಾರನ್ ಹೊಡೆಯಲಿಲ್ಲ, ಯಾರೂ ಬಯ್ಯಲಿಲ್ಲ. ಆದರೆ ಆ ಮೌನ ನನಗೆ ಇನ್ನೂ ಚುಚ್ಚುತ್ತದೆ. ಅವರು ಕೆಟ್ಟವರಲ್ಲ. ಹೇಗೆ ಮಾಡಬೇಕೆಂದು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ, ಅಷ್ಟೆ.

ಈ ರಾಜ್ಯದಲ್ಲಿ ಹತ್ತು ಎಕರೆಗಿಂತ ದೊಡ್ಡ ಸರೋವರಗಳೇ 11,842 ಇವೆ. ಇಲ್ಲಿಗೆ ಬಂದ ಕನ್ನಡಿಗರು ನಾಲ್ಕೈದು ವರ್ಷಗಳಲ್ಲಿ ಹಳೆಯ ದೋಣಿಯೊಂದನ್ನು ಕೊಳ್ಳುವುದು ಈಗ ಅಪರೂಪವಲ್ಲ. ದೋಣಿ ನಡೆಸುವುದನ್ನು ಎಲ್ಲರೂ ಕಲಿಯುತ್ತಾರೆ. ಅದನ್ನು ನೀರಿಗಿಳಿಸುವ ಸಾರ್ವಜನಿಕ ರ‍್ಯಾಂಪ್‌ನಲ್ಲಿ (ಇಲ್ಲಿನವರು ಅದನ್ನು ಲ್ಯಾಂಡಿಂಗ್ ಎನ್ನುತ್ತಾರೆ) ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಮಾತ್ರ ಕಲಿಯುವುದಿಲ್ಲ.

ಹಂತ 1: ಇಳಿಜಾರಿಗೆ ಬರುವ ಮುನ್ನವೇ ಸಿದ್ಧರಾಗಿ

ನೀರಿನಿಂದ ದೂರದ ಸಮತಟ್ಟಾದ ಜಾಗದಲ್ಲಿ, ದಾರಿಯ ಬದಿಗೆ ನಿಲ್ಲಿಸಿ. ಊಟ, ಗಾಳ, ಲೈಫ್ ಜಾಕೆಟ್ ಎಲ್ಲವೂ ಅಲ್ಲಿಯೇ ದೋಣಿ ಸೇರಬೇಕು. ಜಾಕೆಟ್ಟನ್ನು ಮಕ್ಕಳಿಗೆ ಅಲ್ಲಿಯೇ ತೊಡಿಸಿಬಿಡಿ. ದೋಣಿಯ ಮುಂದೊಂದು, ಹಿಂದೊಂದು ಹಗ್ಗ ಕಟ್ಟಿ. ಹಿಂಬದಿಯ ಬಿಗಿಪಟ್ಟಿಗಳನ್ನು ಬಿಚ್ಚಿ. ದೋಣಿಯ ತಳದ ತೂತಿಗೆ ಬಿರಡೆ ಹಾಕಿ. ಬಿರಡೆ ಮರೆತ ದೋಣಿ ಡಾಕ್‌ನ (ದೋಣಿ ಕಟ್ಟಲು ನೀರಿನೊಳಕ್ಕೆ ಚಾಚಿದ ಕಟ್ಟೆಯ) ಪಕ್ಕದಲ್ಲೇ ನೀರು ಕುಡಿದು ಕುಳಿತರೆ ಅರ್ಧ ದಿನ ಯಾರಿಗೂ ದಾರಿಯಿಲ್ಲ.

ಮುಂಭಾಗದ ವಿಂಚ್ (ದೋಣಿಯನ್ನು ಟ್ರೇಲರ್‌ಗೆ ಎಳೆದು ಹಿಡಿಯುವ ಕೈರಾಟೆ) ಪಟ್ಟಿಯನ್ನು ಮಾತ್ರ ಇಲ್ಲಿ ಬಿಚ್ಚಬೇಡಿ. ದೋಣಿಯ ಹಿಂಭಾಗ ನೀರಿಗೆ ತಾಗುವವರೆಗೆ ಅದು ಬಿಗಿಯಾಗಿಯೇ ಇರಲಿ. ಇಳಿಜಾರಿನ ತಲೆಯಲ್ಲೇ ಅದನ್ನು ಬಿಚ್ಚಿದವರೊಬ್ಬರ ದೋಣಿ ಟ್ರೇಲರ್‌ನಿಂದ ಜಾರಿ ಕಾಂಕ್ರೀಟ್ ಮೇಲೆ ಬಿದ್ದುದನ್ನು ನೋಡಿದ್ದೇನೆ. ಟ್ರೇಲರ್‌ನ ಹಲಗೆಗಳಿಗೆ ಬಳಿಯುವ ಸಿಲಿಕಾನ್ ಸ್ಪ್ರೇ ಎಂಬುದೊಂದು ಅಂಗಡಿಗಳಲ್ಲಿ ಸಿಗುತ್ತದೆ. ದೋಣಿ ಸಲೀಸಾಗಿ ಜಾರಲಿ ಎಂದು ಅದನ್ನು ಮಾರುತ್ತಾರೆ. ಅದು ನಿಮಗೆ ಬೇಡಾದ ಹೊತ್ತಿನಲ್ಲೂ ಜಾರಿಸುತ್ತದೆ. ಹೊಸಬರು ಅದನ್ನು ಕೊಳ್ಳಲೇಬಾರದು. ಅಗ್ಗದ ತೆಳು ವಿಂಚ್ ಪಟ್ಟಿಯೂ ಬೇಡ. ಬಿಸಿಲು, ನೀರಿಗೆ ಅದರ ಎಳೆ ಬೇಗನೆ ಹರಿಯುತ್ತದೆ.

ಹಂತ 2: ಹಿಂದಕ್ಕೆ ಇಳಿಸುವುದು

ಎಲ್ಲರೂ ಸೋಲುವುದು ಇಲ್ಲಿ.

ಎತ್ತು ಕಟ್ಟದ ಗಾಡಿಯನ್ನು ಮೂಕಿ ಹಿಡಿದು ಹಿಂದಕ್ಕೆ ತಳ್ಳಿದವರಿಗೆ ಇದರ ಗುಟ್ಟು ಗೊತ್ತಿರುತ್ತದೆ. ಮೂಕಿಯನ್ನು ಎಡಕ್ಕೆ ಒತ್ತಿದರೆ ಗಾಡಿಯ ಹಿಂಭಾಗ ಬಲಕ್ಕೆ ಹೊರಳುತ್ತದೆ. ಕಾರು ಮತ್ತು ಟ್ರೇಲರ್ ಸೇರುವ ಕೊಂಡಿಯಲ್ಲೂ ಆಗುವುದು ಇದೇ. ಕಾರಿನ ಹಿಂಭಾಗ ಯಾವ ಕಡೆ ಹೋಗುತ್ತದೆಯೋ ಟ್ರೇಲರ್‌ನ ಬಾಲ ಅದರ ಎದುರು ದಿಕ್ಕಿಗೆ ಹೋಗುತ್ತದೆ. ಇದನ್ನು ತಲೆಯಲ್ಲಿ ಲೆಕ್ಕ ಹಾಕುತ್ತ ಕುಳಿತರೆ ಗೊಂದಲವಾಗುತ್ತದೆ. ಅದಕ್ಕೊಂದು ಉಪಾಯವಿದೆ. ಸ್ಟೀರಿಂಗ್ ಚಕ್ರವನ್ನು ಕೆಳತುದಿಯಲ್ಲಿ, ಗಡಿಯಾರದಲ್ಲಿ ಆರು ಇರುವ ಕಡೆ, ಒಂದೇ ಕೈಯಲ್ಲಿ ಹಿಡಿಯಿರಿ. ಟ್ರೇಲರ್ ಎಡಕ್ಕೆ ಹೋಗಬೇಕೆಂದರೆ ಕೈಯನ್ನು ಎಡಕ್ಕೆ ಸರಿಸಿ. ಬಲಕ್ಕೆ ಬೇಕೆಂದರೆ ಬಲಕ್ಕೆ.

ಕೈಯನ್ನು ಅಂಗೈಯಗಲಕ್ಕಿಂತ ಹೆಚ್ಚು ಸರಿಸಬೇಡಿ. ಟ್ರೇಲರ್ ಗಿಡ್ಡವಾದಷ್ಟೂ ಬೇಗ ತಿರುಗುತ್ತದೆ. ಆದ್ದರಿಂದ ಚಿಕ್ಕ ದೋಣಿ ಸುಲಭ ಎಂದು ತಿಳಿಯಬೇಡಿ, ಹಿಂದಕ್ಕೆ ಬಿಡುವಾಗ ಅದೇ ಹೆಚ್ಚು ಹಟಮಾರಿ. ಟ್ರೇಲರ್ ತಿರುಗಲು ಶುರುವಾದ ಕ್ಷಣದಲ್ಲೇ ಸ್ಟೀರಿಂಗನ್ನು ಮರಳಿ ನೇರಕ್ಕೆ ತನ್ನಿ. ತಡ ಮಾಡಿದರೆ ಕಾರು ಮತ್ತು ಟ್ರೇಲರ್ ಮೊಣಕೈ ಮಡಚಿದ ಹಾಗೆ ಮಡಚಿಕೊಳ್ಳುತ್ತವೆ. ಹಾಗಾದ ಮೇಲೆ ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಹಿಂದಕ್ಕೆ ಹೋಗುತ್ತ ಅದು ಸರಿಯಾಗುವುದಿಲ್ಲ. ಮುಂದಕ್ಕೆ ಎಳೆದುಕೊಂಡು ನೇರ ಮಾಡಿ, ಮತ್ತೆ ಶುರು ಮಾಡಿ. ಮುಂದಕ್ಕೆ ಎಳೆಯುವುದು ಅವಮಾನವಲ್ಲ. ಇಪ್ಪತ್ತು ವರ್ಷ ಪಳಗಿದವರೂ ಎಳೆದುಕೊಳ್ಳುತ್ತಾರೆ.

ಕುತ್ತಿಗೆ ಹೊರಳಿಸಿ ಹಿಂದೆ ನೋಡುವುದಕ್ಕಿಂತ ಎರಡು ಬದಿಯ ಕನ್ನಡಿಗಳು ಮೇಲು. ಎಡ ಕನ್ನಡಿಯಲ್ಲಿ ಟ್ರೇಲರ್ ಹೆಚ್ಚು ಕಾಣಿಸಿದರೆ ಅದು ಎಡಕ್ಕೆ ಸರಿಯುತ್ತಿದೆ ಎಂದರ್ಥ. ಎರಡರಲ್ಲೂ ಸಮನಾಗಿ ಕಂಡರೆ ನೇರವಾಗಿದೆ. ಖಾಲಿ ಟ್ರೇಲರ್ ಇಳಿಜಾರಿನಲ್ಲಿ ಕನ್ನಡಿಗೆ ಕಾಣುವುದೇ ಇಲ್ಲ. ಅದರ ಹಿಂತುದಿಯ ಎರಡು ಮೂಲೆಗಳಿಗೆ ಉದ್ದದ ಪೈಪು ನಿಲ್ಲಿಸಿಕೊಳ್ಳಿ. ಕಾರಿನ ಹಿಂಬದಿ ಕ್ಯಾಮೆರಾ ಕೊಂಡಿ ಜೋಡಿಸಲು ಒಳ್ಳೆಯದು, ಇಳಿಸಲು ಅದೊಂದನ್ನೇ ನಂಬಬೇಡಿ.

ಮುಖ್ಯವಾದ ಮಾತು: ಇದನ್ನು ರ‍್ಯಾಂಪ್‌ನಲ್ಲಿ ಕಲಿಯಬಾರದು. ಭಾನುವಾರ ಸಂಜೆ ಯಾವುದಾದರೂ ಶಾಲೆಯ ಖಾಲಿ ಪಾರ್ಕಿಂಗ್ ಜಾಗದಲ್ಲಿ, ಅನುಮತಿ ಕೇಳಿ, ಎರಡು ಬಕೆಟ್ ಇಟ್ಟು ಅವುಗಳ ನಡುವೆ ಮೂವತ್ತು ಸಲ ಹಿಂದಕ್ಕೆ ಬಿಡಿ. ಗಂಡ ಹೆಂಡತಿ ಇಬ್ಬರೂ ಕಲಿಯಬೇಕು. ಒಬ್ಬರು ಕಾರಿನಲ್ಲಿ, ಇನ್ನೊಬ್ಬರು ದೋಣಿಯಲ್ಲಿ ಇದ್ದರೆ ಕೆಲಸ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ. ಹೊರಗೆ ನಿಂತವರು ‘ಎಡಕ್ಕೆ, ಅಲ್ಲ ಬಲಕ್ಕೆ’ ಎಂದು ಕೂಗುವ ಪದ್ಧತಿ ಬೇಡ. ‘ನಿಲ್ಲು’ ಎಂಬುದಕ್ಕೆ ಒಂದು ಕೈಸನ್ನೆ ಮೊದಲೇ ಗೊತ್ತುಮಾಡಿಕೊಂಡರೆ ಸಾಕು.

ಕತ್ತಲಿನಲ್ಲಿ ಸಾಲಿನಲ್ಲಿರುವವರು ಹೆಡ್‌ಲೈಟ್ ಆರಿಸಬೇಕು. ಹಿಂದಕ್ಕೆ ಬರುತ್ತಿರುವವರ ಕನ್ನಡಿಗೆ ನಿಮ್ಮ ಬೆಳಕು ಬಿದ್ದರೆ ಅವರಿಗೆ ಕಣ್ಣು ಕಟ್ಟಿದಂತೆ. ರ‍್ಯಾಂಪ್ ಎರಡು ಸಾಲಿನದಾದರೆ ನಿಮ್ಮದರಲ್ಲೇ ಇಳಿಯಿರಿ, ನಡುವೆ ಬೇಡ.

ಹಂತ 3: ನೀರಿಗೆ ಬಿಟ್ಟ ಮೇಲೆ

ಕಾರನ್ನು ಪಾರ್ಕ್ ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು ಆಮೇಲೆ ಇಳಿಯಿರಿ. ನೀರಂಚಿನ ಕಾಂಕ್ರೀಟಿನ ಮೇಲೆ ಪಾಚಿ ಇರುತ್ತದೆ, ಕಾಲಿನ ಮೇಲೆ ಗಮನವಿರಲಿ. ದೋಣಿ ತೇಲಿದೊಡನೆ ಹಗ್ಗ ಹಿಡಿದು ಡಾಕ್‌ನ ದೂರದ ತುದಿಗೆ ನಡೆಸಿ ಕಟ್ಟಿ. ಕಾರು ತಕ್ಷಣ ಮೇಲೆ ಹೋಗಲಿ. ಟ್ರೇಲರ್‌ಗೆಂದೇ ಗೆರೆ ಎಳೆದ ಉದ್ದದ ಜಾಗದಲ್ಲಿ ಬರೀ ಕಾರು ನಿಲ್ಲಿಸುವವರು ಒಂದು ಕುಟುಂಬದ ಇಡೀ ದಿನವನ್ನು ಕಸಿಯುತ್ತಾರೆ.

ಎಂಜಿನ್ ಹತ್ತದಿದ್ದರೆ? ಡಾಕ್‌ನ ತುದಿಯಲ್ಲಿ ಐದು ನಿಮಿಷ ನೋಡಿ. ಆಗಲಿಲ್ಲವೆಂದರೆ ಮೇಲೆ ಎಳೆದುಕೊಂಡು ಹೋಗಿ ರಿಪೇರಿ ಮಾಡಿ. ಋತುವಿನ ಮೊದಲ ಸಲವಾದರೆ ಹಿಂದಿನ ಸಂಜೆಯೇ ಮನೆಯಂಗಳದಲ್ಲಿ ಕೊಳವೆ ನೀರು ಕೊಟ್ಟು ಎಂಜಿನ್ ಚಾಲೂ ಮಾಡಿ ನೋಡಿರಬೇಕು.

ತೊಡಕಿಗೆ ಸಿಕ್ಕಿದವರನ್ನು ಕಂಡರೆ ಹತ್ತಿರ ಹೋಗಿ ‘ಹಗ್ಗ ಹಿಡಿಯಲೇ?’ ಎಂದು ಕೇಳಿ. ಕೇಳದೆ ಅವರ ದೋಣಿಗೆ ಕೈ ಹಾಕಬೇಡಿ, ದೂರದಿಂದ ಬುದ್ಧಿ ಹೇಳಬೇಡಿ. ಫೋನ್‌ನಲ್ಲಿ ಅವರ ವಿಡಿಯೊ ತೆಗೆಯುವುದಂತೂ ಹೀನ ಕೆಲಸ.

ಹಂತ 4: ಮರಳಿ ಬಂದಾಗ

ಇದು ಮೊದಲಿನದರ ತಿರುವುಮುರುವು. ಮೊದಲು ಬಂದವರಿಗೆ ಮೊದಲ ಸರದಿ. ಸಾಲಿನಲ್ಲಿ ಕಾರು ನಿಂತ ಕ್ರಮವೇ ಲೆಕ್ಕ, ನೀರಿನಲ್ಲಿ ದೋಣಿ ಸುತ್ತು ಹೊಡೆಯುವ ಕ್ರಮವಲ್ಲ. ಎಂಜಿನ್ ಜೋರು ಮಾಡಿ ದೋಣಿಯನ್ನು ಟ್ರೇಲರ್ ಮೇಲೆ ಏರಿಸುವ ಅಡ್ಡದಾರಿ ಮಾತ್ರ ಬೇಡ. ಪ್ರೊಪೆಲರ್ ಎಬ್ಬಿಸುವ ರಭಸಕ್ಕೆ ಕಾಂಕ್ರೀಟ್ ಮುಗಿಯುವ ಕಡೆ ತಳದ ಮಣ್ಣು ಕೊಚ್ಚಿಹೋಗಿ ಗುಂಡಿ ಬೀಳುತ್ತದೆ. ಆ ಮಣ್ಣು ಸ್ವಲ್ಪ ಆಚೆ ದಿಬ್ಬವಾಗುತ್ತದೆ. ಗುಂಡಿಗೆ ಮುಂದಿನವರ ಟ್ರೇಲರ್ ಚಕ್ರ ಇಳಿದು ಸಿಕ್ಕಿಕೊಳ್ಳುತ್ತದೆ, ದಿಬ್ಬಕ್ಕೆ ಅವರ ಪ್ರೊಪೆಲರ್ ಬಡಿಯುತ್ತದೆ. ವಿಂಚ್ ಇರುವುದು ಕೈಯಿಂದ ತಿರುಗಿಸುವುದಕ್ಕೇ. ಎರಡು ನಿಮಿಷ ತಿರುಗಿಸಿ.

ಹಂತ 5: ಸರೋವರಕ್ಕೆ ತೋರುವ ಮರ್ಯಾದೆ

ಇಳಿಜಾರು ಬಿಟ್ಟು ಸಮತಟ್ಟಾದ ಜಾಗಕ್ಕೆ ಬಂದು ಬಿರಡೆ ತೆಗೆಯಿರಿ, ತಳದ ನೀರೆಲ್ಲ ಹರಿದುಹೋಗಲಿ. ದೋಣಿ, ಟ್ರೇಲರ್, ಲಂಗರಿಗೆ ಅಂಟಿದ ಕಳೆಯನ್ನು ಪೂರ್ತಿ ಕಿತ್ತುಹಾಕಿ. ಉಳಿದ ಎರೆಮೀನನ್ನು ನೀರಿಗೆ ಬಿಡಬೇಡಿ, ಕಸದ ಡಬ್ಬಕ್ಕೆ ಹಾಕಿ. ಮಿನ್ನೆಸೋಟದಲ್ಲಿ ಇದು ಕಾನೂನು. ರಸ್ತೆಯಲ್ಲಿ ಸಾಗುವಾಗ ಬಿರಡೆ ಹೊರಗೇ ಇರಬೇಕು.

ಕಾರಣ ಜೀಬ್ರಾ ಮಸಲ್ ಎಂಬ ಬೆರಳುಗುರಿನಷ್ಟು ಚಿಕ್ಕ ಚಿಪ್ಪುಜೀವಿ. 1988ರಲ್ಲಿ ಸೇಂಟ್ ಕ್ಲೇರ್ ಸರೋವರದಲ್ಲಿ ಕಂಡ ಅದು ಮರುವರ್ಷ ಈ ರಾಜ್ಯದ ಡುಲೂತ್ ಬಂದರಿಗೆ ಬಂತು. 2010ರಲ್ಲಿ ಇಲ್ಲಿನ ಮಿನ್ನೆಟೊಂಕ ಸರೋವರದಲ್ಲೂ ಸಿಕ್ಕಿತು. ಅದರ ಮರಿಗಳು ಕಣ್ಣಿಗೆ ಕಾಣವು. ದೋಣಿಯ ತಳದಲ್ಲಿ ಉಳಿದ ಒಂದು ಲೋಟ ನೀರಿನಲ್ಲೂ ಅವು ಸವಾರಿ ಮಾಡಬಲ್ಲವು. ಒಮ್ಮೆ ಒಂದು ಸರೋವರದಲ್ಲಿ ನೆಲೆಯೂರಿದರೆ ಅದನ್ನು ತೆಗೆಯುವುದು ಹೆಚ್ಚುಕಡಿಮೆ ಅಸಾಧ್ಯ. ದಕ್ಷಿಣ ಅಮೆರಿಕದಿಂದ ಬಂದ ಜಲಕಳೆ ಬೆಂಗಳೂರಿನ ಕೆರೆಗಳನ್ನು ಹೇಗೆ ಹಸಿರು ಚಾಪೆಯಂತೆ ಮುಚ್ಚಿತು ಎಂಬುದನ್ನು ಕಣ್ಣಾರೆ ಕಂಡ ನಾವು ಇದರಲ್ಲಿ ಎಲ್ಲರಿಗಿಂತ ಮುಂದಿರಬೇಕು. ಬೇರೆ ಸರೋವರಕ್ಕೆ ಹೋಗುವ ಮುನ್ನ ದೋಣಿ ಐದು ದಿನವಾದರೂ ಒಣಗಲಿ. ಕೆಲವು ಕಡೆ ತಪಾಸಣೆ ಮಾಡುವವರು ನಿಂತಿರುತ್ತಾರೆ. ಹಿಂದೆ ಯಾವ ಸರೋವರದಲ್ಲಿದ್ದಿರಿ ಎಂದು ಅವರು ಕೇಳಿದರೆ ನಿಜ ಹೇಳಿ, ತಾಳ್ಮೆಯಿಂದ ನೋಡಗೊಡಿ. ದಿನವಿಡೀ ಬಿಸಿಲಲ್ಲಿ ನಿಂತವರಿಗೆ ಒಂದು ತಣ್ಣನೆಯ ನೀರಿನ ಬಾಟಲಿ ಕೊಟ್ಟರೆ ಇನ್ನೂ ಒಳ್ಳೆಯದು.

ತೆಗೆದ ಬಿರಡೆಯನ್ನು ಟೂಲ್ ಪೆಟ್ಟಿಗೆಗೆ ಎಸೆಯಬೇಡಿ. ಕಾರಿನ ಕೀಲಿಗೊಂಚಲಿಗೆ ಸಿಕ್ಕಿಸಿ. ಮುಂದಿನ ಸಲ ಕೀಲಿಗೆ ಕೈ ಹಾಕಿದಾಗ ಅದೇ ಮೊದಲು ಸಿಗುತ್ತದೆ.