ಕಾರ್ಬುರೇಟರ್ ತುಂಬಿ ಹರಿಯದಂತೆ: ಸಣ್ಣ ಎಂಜಿನ್‌ಗಳೊಂದಿಗೆ ನನ್ನ ಅನುಭವ

ಜನರೇಟರ್, ನೀರಿನ ಪಂಪು, ಹುಲ್ಲು ಕತ್ತರಿಸುವ ಯಂತ್ರ ಮೊದಲಾದ ಸಣ್ಣ ಪೆಟ್ರೋಲ್ ಎಂಜಿನ್‌ಗಳನ್ನು ರಿಪೇರಿ ಮಾಡುತ್ತಾ ಬಂದ ನನಗೆ ಚೆನ್ನಾಗಿ ಮನವರಿಕೆಯಾದ ಸಂಗತಿಯೆಂದರೆ, ಓವರ್‌ಫ್ಲೋ, ಅಂದರೆ ಕಾರ್ಬುರೇಟರ್‌ನಿಂದ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಪೆಟ್ರೋಲ್ ತುಂಬಿ ಹರಿಯುವ ದೂರಿನೊಂದಿಗೆ ಬರುವ ಎಂಜಿನ್‌ಗಳಲ್ಲಿ ಹೆಚ್ಚಿನವು ಓಡುವಾಗಲ್ಲ, ಸುಮ್ಮನೆ ನಿಂತಿರುವಾಗ ಸೋರಿರುತ್ತವೆ. ಇವುಗಳಲ್ಲಿ ಬಹುಪಾಲು ಎಂಜಿನ್‌ಗಳ ಟ್ಯಾಂಕ್ ಕಾರ್ಬುರೇಟರ್‌ಗಿಂತ ಮೇಲಿದ್ದು, ಪೆಟ್ರೋಲ್ ತನ್ನ ಭಾರದಿಂದಲೇ ಕೆಳಗಿಳಿಯುತ್ತದೆ. ಪೆಟ್ರೋಲ್ ನಲ್ಲಿಯಾದ ಕಾಕ್ ತೆರೆದೇ ಇದ್ದರೆ, ಅಷ್ಟೂ ಪೆಟ್ರೋಲನ್ನು ತಡೆದು ನಿಲ್ಲಿಸುವ ಹೊಣೆ ಫ್ಲೋಟ್ (ಪೆಟ್ರೋಲಿನ ಮೇಲೆ ತೇಲುವ ಭಾಗ) ಕೆಳಗಿನಿಂದ ಎತ್ತಿ ಹಿಡಿದಿರುವ ಒಂದು ಚಿಕ್ಕ ನೀಡಲ್‌ನ ಮೊನೆಯ ಮೇಲೆ ಬೀಳುತ್ತದೆ. ಆ ನೀಡಲ್ ಇರುವುದು ಎಂಜಿನ್ ಓಡುವಾಗ ಕಾರ್ಬುರೇಟರ್‌ನ ತಳದ ಬಟ್ಟಲಾದ ಬೌಲ್‌ನಲ್ಲಿ ಪೆಟ್ರೋಲಿನ ಮಟ್ಟವನ್ನು ಕಾಯುವುದಕ್ಕೇ ಹೊರತು ನಲ್ಲಿಯ ಕೆಲಸ ಮಾಡುವುದಕ್ಕಲ್ಲ. ಎಂಜಿನ್ ನಿಲ್ಲಿಸಿದೊಡನೆ ಕಾಕ್ ಮುಚ್ಚಬೇಕೆಂದು, ಕಾಕ್ ಇಲ್ಲದ ಯಂತ್ರವಾದರೆ ಪೈಪಿನ ನಡುವೆ ಒಂದನ್ನು ಹಾಕಿಸಿಕೊಳ್ಳಬೇಕೆಂದು ನಾನು ಪ್ರತಿಯೊಬ್ಬರಿಗೂ ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಹೊರಗೆ ತೊಟ್ಟಿಕ್ಕುವ ಪೆಟ್ರೋಲ್ ಕಣ್ಣಿಗಾದರೂ ಬೀಳುತ್ತದೆ. ಒಳಗೆ ಹರಿದದ್ದು ಕಾಣುವುದಿಲ್ಲ. ತುಂಬಿದ ಬೌಲ್‌ನಿಂದ ಅದು ಸಿಲಿಂಡರ್ ಸೇರಿ, ಪಿಸ್ಟನ್ ರಿಂಗ್‌ಗಳ ಸಂದಿನಿಂದ ಕೆಳಗಿಳಿದು ಎಂಜಿನ್ ಆಯಿಲ್‌ನಲ್ಲಿ ಬೆರೆಯುತ್ತದೆ. ಆದ್ದರಿಂದ ಫೋರ್ ಸ್ಟ್ರೋಕ್ ಎಂಜಿನ್ ಸೋರಿದೆ ಎಂದು ಗೊತ್ತಾದಾಗ ನಾನು ಸ್ಟಾರ್ಟ್ ಮಾಡುವ ಹಗ್ಗ ಎಳೆಯುವ ಮೊದಲು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ತೆಗೆದು ನೋಡುತ್ತೇನೆ. ಆಯಿಲ್ ಮಟ್ಟ ಏರಿದ್ದು, ತೆಳುವಾಗಿ ಪೆಟ್ರೋಲ್ ವಾಸನೆ ಬರುತ್ತಿದ್ದರೆ ಆ ಆಯಿಲ್ ಬದಲಿಸದೆ ಎಂಜಿನ್ ಓಡಿಸುವಂತಿಲ್ಲ. ಓಡಿಸಿದರೆ ಬೇರಿಂಗ್‌ಗಳು ಸವೆಯುತ್ತವೆ. ಹಗ್ಗ ಎಳೆಯಲು ಬಾರದೆ ಬಿಗಿದುಕೊಂಡಿದ್ದರೆ ಸಿಲಿಂಡರ್‌ನಲ್ಲಿ ಪೆಟ್ರೋಲ್ ನಿಂತಿರಬಹುದು. ಬಲಪ್ರಯೋಗ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುವ ಅಪಾಯವಿದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಅದರ ವೈರನ್ನು ಪ್ಲಗ್ ರಂಧ್ರದಿಂದ ದೂರ ಕಟ್ಟಿಟ್ಟು, ನಿಧಾನವಾಗಿ ತಿರುಗಿಸಿ ಪೆಟ್ರೋಲನ್ನು ಹೊರಹಾಕಬೇಕು. ಹೊರಚಿಮ್ಮುವ ಆವಿಗೆ ಒಂದು ಕಿಡಿ ಸಾಕು. ಈ ಕೆಲಸವನ್ನು ಗಾಳಿಯಾಡುವ ಬಯಲಿನಲ್ಲಿ, ಎಂಜಿನ್ ಪೂರ್ತಿ ತಣಿದ ಮೇಲೆಯೇ ಮಾಡಬೇಕು.

ಕಾರಣ ಹುಡುಕುವಾಗ ಮೊದಲು ಬೌಲ್ ಬಿಚ್ಚುತ್ತೇನೆ. ತಳದಲ್ಲಿ ಕೆಂಪು ತುಕ್ಕಿನ ಪುಡಿಯೋ ಹಳದಿ ಅಂಟೋ ಕಂಡರೆ ಅರ್ಧ ಉತ್ತರ ಸಿಕ್ಕಂತೆ, ಏಕೆಂದರೆ ನೀಡಲ್ ಮತ್ತು ಅದರ ಮೊನೆ ಕೂರುವ ಸೀಟಿನ ನಡುವೆ ಸಿಕ್ಕಿಕೊಂಡ ಒಂದು ಕಣವೇ ಬಾಗಿಲ ಸಂದಿನ ಕಲ್ಲಿನಂತೆ ದಾರಿಯನ್ನು ತೆರೆದಿಡುತ್ತದೆ. ನೀಡಲ್‌ನ ರಬ್ಬರ್ ಮೊನೆಯಲ್ಲಿ ಉಂಗುರದಂತೆ ಗೀರು ಬಿದ್ದಿದ್ದರೆ ಹೊಸದನ್ನೇ ಹಾಕುತ್ತೇನೆ. ಸೀಟನ್ನು ಹತ್ತಿ ಸುತ್ತಿದ ಕಡ್ಡಿಗೆ ಕಾರ್ಬ್ ಕ್ಲೀನರ್ ತಾಗಿಸಿ ಒರೆಸುವುದಷ್ಟೇ ಸರಿ. ಸೂಜಿಯಿಂದ ಕೆರೆದರೆ ಆ ಗೀರಿನಲ್ಲೇ ಪೆಟ್ರೋಲ್ ಜಿನುಗುತ್ತದೆ. ಫ್ಲೋಟನ್ನು ಕಿವಿಯ ಬಳಿ ಅಲುಗಿಸಿದಾಗ ಒಳಗೆ ಸದ್ದಾದರೆ ಅದು ತೂತಾಗಿದೆ ಎಂದರ್ಥ. ಅನುಮಾನವಿದ್ದರೆ ಒಲೆಯಿಂದ ದೂರ ತಂದ ಬಿಸಿನೀರಿನಲ್ಲಿ ಮುಳುಗಿಸುತ್ತೇನೆ. ಒಳಗಿನ ಗಾಳಿ ಹಿಗ್ಗಿ ಗುಳ್ಳೆ ಎದ್ದ ಜಾಗವೇ ತೂತು.

ಮರುಜೋಡಿಸುವ ಮುನ್ನ ನಾನು ಎಂದೂ ಬಿಡದ ಪರೀಕ್ಷೆಯೊಂದಿದೆ. ಕಾರ್ಬುರೇಟರನ್ನು ತಲೆಕೆಳಗಾಗಿ ಹಿಡಿದರೆ ಫ್ಲೋಟ್ ತನ್ನ ಭಾರದಿಂದ ನೀಡಲನ್ನು ಮುಚ್ಚುತ್ತದೆ. ಪೆಟ್ರೋಲ್ ಒಳಬರುವ ಕೊಳವೆಗೆ ಸ್ವಚ್ಛವಾದ ಹೊಸ ಪೈಪನ್ನು ಸಿಕ್ಕಿಸಿ ಮೆಲ್ಲಗೆ ಊದಿದಾಗ ಗಾಳಿ ಹೋಗಬಾರದು, ನೇರ ಹಿಡಿದರೆ ಸರಾಗವಾಗಿ ಹೋಗಬೇಕು. ನೀಡಲನ್ನು ತಳ್ಳುವ ತಗಡಿನ ನಾಲಿಗೆಯಿರುವ ಫ್ಲೋಟ್ ಆಗಿದ್ದರೆ ಅದರ ಎತ್ತರವನ್ನೂ ಕೈಪಿಡಿಯ ಅಳತೆಗೆ ಹೊಂದಿಸುತ್ತೇನೆ. ನಾಲಿಗೆ ಬಾಗಿಸುವಾಗ ನೀಡಲ್ ಮೇಲೆ ಒತ್ತಡ ಬಿದ್ದರೆ ಹೊಸ ಮೊನೆಯೂ ಹಾಳಾಗುತ್ತದೆ.

ನೀಡಲ್ ಬದಲಿಸಿ, ಕಸದ ಮೂಲವನ್ನು ಹಾಗೆಯೇ ಬಿಟ್ಟರೆ ಅದೇ ಯಂತ್ರ ಮತ್ತೆ ಸೋರುತ್ತದೆ. ಎಥೆನಾಲ್ ಬೆರೆತ ಪೆಟ್ರೋಲ್ ತೇವವನ್ನು ಹೀರಿಕೊಳ್ಳುತ್ತದೆ. ನೀರಿನಂಶ ಮಿತಿ ಮೀರಿದಾಗ ನೀರು ಮತ್ತು ಎಥೆನಾಲ್ ಒಟ್ಟಾಗಿ ತಳಕ್ಕಿಳಿದು, ತಗಡಿನ ಟ್ಯಾಂಕಿಗೆ ತುಕ್ಕು ಹಿಡಿಸುತ್ತವೆ. ಎಥೆನಾಲ್ ತಾಳದ ಹಳೆಯ ರಬ್ಬರ್ ಪೈಪು ಒಳಗಿನಿಂದಲೇ ಉದುರುತ್ತದೆ. ಹೀಗಾಗಿ ಟ್ಯಾಂಕ್ ತೊಳೆದು, ಫಿಲ್ಟರ್ ಬದಲಿಸಿ, ಪೈಪು ಗಡುಸಾಗಿದ್ದರೆ ತುದಿ ಕತ್ತರಿಸಿ ಮತ್ತೆ ಸಿಕ್ಕಿಸುವ ಬದಲು ಇಡೀ ಪೈಪನ್ನೇ ಹೊಸದಾಗಿ ಹಾಕುತ್ತೇನೆ. ಟ್ಯಾಂಕ್ ಮುಚ್ಚಳದ ಗಾಳಿರಂಧ್ರವನ್ನೂ ನೋಡಬೇಕು: ಅದು ಕಟ್ಟಿಕೊಂಡಿದ್ದರೆ ಬಿಸಿಲಿಗೆ ಟ್ಯಾಂಕಿನೊಳಗೆ ಒತ್ತಡ ಏರಿ, ಸರಿಯಿರುವ ನೀಡಲನ್ನೂ ತಳ್ಳಿಕೊಂಡು ಪೆಟ್ರೋಲ್ ನುಗ್ಗುತ್ತದೆ.

ಕಳೆ ಕತ್ತರಿಸುವ ಯಂತ್ರ, ಮರ ಕೊಯ್ಯುವ ಗರಗಸಗಳ ಕಾರ್ಬುರೇಟರ್‌ನಲ್ಲಿ ಫ್ಲೋಟ್ ಬದಲು ಡಯಾಫ್ರಮ್ ಎಂಬ ತೆಳು ಪೊರೆ ಇರುತ್ತದೆ. ಅಲ್ಲಿ ನೀಡಲನ್ನು ಎತ್ತಿ ಇಳಿಸುವ ಮೀಟರಿಂಗ್ ಲಿವರ್ ಅಗತ್ಯಕ್ಕಿಂತ ಎತ್ತರವಿದ್ದರೆ ನೀಡಲ್ ಪೂರ್ತಿ ಮುಚ್ಚುವುದಿಲ್ಲ.

ಜೋಡಿಸಿದ ಮೇಲೆ ಬೌಲ್ ಗ್ಯಾಸ್ಕೆಟ್ ಮತ್ತು ಬೋಲ್ಟ್ ವಾಷರ್ ಸರಿಯಾಗಿ ಕೂತಿವೆಯೇ ಎಂದು ತಿಳಿಯಲು ಕಾಕ್ ತೆರೆದು, ಕೆಳಗೆ ಒಣ ಕಾಗದ ಹಾಸಿ, ಸ್ಟಾರ್ಟ್ ಮಾಡದೆ ಸ್ವಲ್ಪ ಹೊತ್ತು ಕಾಯುತ್ತೇನೆ. ಬಹುಕಾಲ ಬಳಸದೆ ಇಡುವ ಯಂತ್ರವಾದರೆ ಟ್ಯಾಂಕ್ ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಬೌಲ್‌ನಲ್ಲಿ ಉಳಿದದ್ದನ್ನು ಡ್ರೈನ್ ಸ್ಕ್ರೂ ಸಡಿಲಿಸಿ ತೆಗೆಯುತ್ತೇನೆ. ಬ್ಲೇಡ್ ಸ್ವಚ್ಛಗೊಳಿಸಲು ಹುಲ್ಲಿನ ಯಂತ್ರವನ್ನು ವಾಲಿಸುವಾಗ ಪ್ಲಗ್ ವೈರ್ ಕಳಚಿ, ಕಾಕ್ ಮುಚ್ಚಿ, ಕಾರ್ಬುರೇಟರ್ ಮತ್ತು ಏರ್ ಫಿಲ್ಟರ್ ಇರುವ ಬದಿ ಮೇಲೆ ಬರುವಂತೆ ನೋಡಿಕೊಳ್ಳಬೇಕು.